ಹೂವಿನೊಳಗಿನ ಸನ್ನೆಕೋಲು

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರ್, ಗ್ಲಾಸ್ಟರ್‌ಷೈರ್ ಪ್ರಾಂತಗಳ ಸುಣ್ಣಕಲ್ಲಿನ ಹುಲ್ಲುಗಾವಲುಗಳಲ್ಲಿ ಮೆಡೋ ಕ್ಲೇರಿ ಎಂಬ ಬಹುವಾರ್ಷಿಕ ಮೂಲಿಕೆಯೊಂದು ಬೆಳೆಯುತ್ತದೆ. ಸಸ್ಯಶಾಸ್ತ್ರಜ್ಞರು ಅದಕ್ಕಿತ್ತ ಹೆಸರು ಸಾಲ್ವಿಯ ಪ್ರಾಟೆನ್ಸಿಸ್. ಯೂರೋಪಿನ ಮುಖ್ಯಭೂಮಿಯಲ್ಲಿ ಇದು ಅಷ್ಟೇನೂ ವಿರಳವಲ್ಲ. ಇಂಗ್ಲೆಂಡಿನಲ್ಲಾದರೋ, ಹಳೆಯ ಹುಲ್ಲುಗಾವಲುಗಳು ಉಳುಮೆಗೂ ಗೊಬ್ಬರಕ್ಕೂ ಸಿಕ್ಕಿ ಮಾಯವಾದಂತೆ ಕೆಲವೇ ನೆಲೆಗಳಲ್ಲಿ ಉಳಿದುಕೊಂಡಿದೆ. ಇದನ್ನು ಬಹಳ ಮಟ್ಟಿಗೆ ಹೋಲುವ ವೈಲ್ಡ್ ಕ್ಲೇರಿ ಎಂಬ ಸೋದರಸಸ್ಯ ಅಲ್ಲಿ ಅಷ್ಟು ಅಪರೂಪವಲ್ಲ. ಒಂದನ್ನು ಮತ್ತೊಂದೆಂದು ಭ್ರಮಿಸಿದರೆ, ಕಾಪಾಡಬೇಕಾದ ನೆಲೆಯೇ ನೇಗಿಲಿಗೆ ಬಿದ್ದೀತು.

ಕುಟುಂಬವನ್ನು ಗುರುತಿಸುವುದು ನಮ್ಮ ಓದುಗರಿಗೆ ಕಷ್ಟವಲ್ಲ. ತುಳಸಿಯ ಎಳೆಯ ಕಡ್ಡಿಯನ್ನು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆಗಳು ತಾಗುತ್ತವೆ. ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ತುಂಬೆಯ ಹೂವಿಗೆ ಎರಡು ತುಟಿಗಳು. ಪುದೀನವೂ ಸೇರಿದ ಈ ಕುಟುಂಬದ ಲಕ್ಷಣಗಳೆಲ್ಲ ಮೆಡೋ ಕ್ಲೇರಿಯಲ್ಲಿಯೂ ಇವೆ. ಆದರೆ ತುಂಬೆಯಲ್ಲಿ ಕೇಸರಗಳು ನಾಲ್ಕು, ಸಾಲ್ವಿಯ ಕುಲದಲ್ಲಿ ಎರಡೇ.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಗಿಡಗಳ ಗೊಡವೆಯೇಕೆಂದು ಕೇಳುವವರಿಗೆ ಈ ಎರಡು ಕೇಸರಗಳೇ ಉತ್ತರ. ಪ್ರತಿಯೊಂದೂ ಒಂದು ಸನ್ನೆಕೋಲು. ಗಿಡ್ಡನೆಯ ಕಾಲೊಂದರ ಮೇಲೆ ಬಾಗಿದ ಕಡ್ಡಿ ಆನಿಕೊಂಡಿದೆ. ಅದರ ಉದ್ದನೆಯ ಮೇಲ್ತೋಳಿನ ತುದಿಯಲ್ಲಿ ಪರಾಗಕೋಶವಿದ್ದು, ಮೇಲ್ತುಟಿಯ ಕೆಳಗೆ ಅಡಗಿರುತ್ತದೆ. ಗಿಡ್ಡನೆಯ ಕೆಳತೋಳುಗಳೆರಡೂ ಕೂಡಿಕೊಂಡು ಹೂವಿನ ಗಂಟಲಿಗೆ ಅಡ್ಡವಾಗಿ ಸಣ್ಣ ಹಲಗೆಯಂತೆ ನಿಲ್ಲುತ್ತವೆ. ಮಕರಂದವನ್ನರಸಿ ಬಂದ ದುಂಬಿ ತಲೆಯಿಂದ ಈ ಹಲಗೆಯನ್ನು ತಳ್ಳಿದೊಡನೆ ಮೇಲ್ತೋಳು ಬಾಗಿ ಅದರ ಬೆನ್ನಿಗೆ ಪರಾಗವನ್ನು ಬಳಿಯುತ್ತದೆ. ಬಂಡೆಯನ್ನು ಮೀಟುವ ಹಾರೆಯಲ್ಲಿ ಉದ್ದನೆಯ ತುದಿಯನ್ನೊತ್ತಿ ನಾವು ಬಲವನ್ನು ಗಳಿಸುತ್ತೇವೆ. ಇಲ್ಲಿ ಗಿಡ್ಡ ತುದಿಯನ್ನೊತ್ತುವುದರಿಂದ ದೊರೆಯುವ ಲಾಭ ದೂರದ್ದು, ಬಲದ್ದಲ್ಲ. ಈ ಯಂತ್ರವನ್ನು ಜರ್ಮನಿಯ ಉಪಾಧ್ಯಾಯ ಸ್ಪ್ರೆಂಗೆಲ್ 1793ರಷ್ಟು ಹಿಂದೆಯೇ ವರ್ಣಿಸಿದ್ದನು. ಹುಲ್ಲುಕಡ್ಡಿಯೊಂದನ್ನು ಮೆಲ್ಲನೆ ಹೂವಿನ ಗಂಟಲಿಗೆ ತೂರಿಸಿ ಯಾರು ಬೇಕಾದರೂ ಇದನ್ನು ನಡೆಸಿ ನೋಡಬಹುದು.

ಸನ್ನೆಕೋಲು ಕುಲವನ್ನು ತಿಳಿಸೀತೇ ಹೊರತು ಯಾವ ಕ್ಲೇರಿ ಎಂಬುದನ್ನಲ್ಲ. ಮೆಡೋ ಕ್ಲೇರಿಯ ನೀಲಿ ಹೂ ಸಾಮಾನ್ಯವಾಗಿ 15ರಿಂದ 30 ಮಿಲಿಮೀಟರು ಉದ್ದ. ವೈಲ್ಡ್ ಕ್ಲೇರಿಯದು ಚಿಕ್ಕದು. ಹಾಗೆಂದು ಅಳತೆಪಟ್ಟಿಯನ್ನು ನಂಬಿ ಕುಳಿತರೆ ಮೋಸಹೋಗುತ್ತೇವೆ. ಮೆಡೋ ಕ್ಲೇರಿಯ ಕೆಲವು ಗಿಡಗಳು ಕೇವಲ ಹೆಣ್ಣು. ಅವುಗಳ ಕೇಸರಗಳು ಮುರುಟಿಹೋಗಿದ್ದು ಸನ್ನೆಕೋಲು ಕೆಲಸಮಾಡುವುದಿಲ್ಲ. ಹೂವೂ ವೈಲ್ಡ್ ಕ್ಲೇರಿಯ ಅಳತೆಗೇ ಇಳಿಯುವುದುಂಟು.

ಆಗ ನಿರ್ಣಾಯಕವಾದುದು ಹೂವಲ್ಲ, ಅದನ್ನು ಹೊತ್ತಿರುವ ಹಸುರು ಪುಷ್ಪಪಾತ್ರೆ. ವೈಲ್ಡ್ ಕ್ಲೇರಿಯಲ್ಲಿ ಅದರ ಮೇಲೆ ಉದ್ದನೆಯ ಬಿಳಿಯ ರೋಮಗಳು ಎದ್ದು ಕಾಣುತ್ತವೆ. ಮೆಡೋ ಕ್ಲೇರಿಯಲ್ಲಿ ರೋಮಗಳಿದ್ದರೂ ಅಂಥ ಉದ್ದನೆಯ ಬಿಳಿಯವು ಇಲ್ಲ. ಹತ್ತರಷ್ಟು ಹಿಗ್ಗಿಸುವ ಕೈಮಸೂರವೊಂದಿದ್ದರೆ ಸಾಕು. ಮಸೂರವನ್ನು ಗಿಡದ ಬಳಿಗೆ ಒಯ್ಯಬೇಕೇ ವಿನಾ ಗಿಡವನ್ನು ಮಸೂರದ ಬಳಿಗೆ ತರಕೂಡದು. 1981ರ ವನ್ಯಜೀವಿ ಕಾಯಿದೆಯ ಪಟ್ಟಿಯಲ್ಲಿ ಮೆಡೋ ಕ್ಲೇರಿಯೂ ಸೇರಿರುವುದರಿಂದ, ಬ್ರಿಟನ್ನಿನಲ್ಲಿ ಬೇಕೆಂದೇ ಅದರ ಒಂದು ಹೂವನ್ನು ಕೊಯ್ಯುವುದೂ ಅಪರಾಧ.