ರಕ್ತದಲ್ಲಿ ಈಜಿದ ಸ್ಕ್ರೂ

ಬ್ಯಾಕ್ಟೀರಿಯಾ ಈಜುವುದು ಬಾಲ ಬೀಸಿ ಅಲ್ಲ, ಸುರುಳಿ ಬಾಲವನ್ನು ಬುಡದಿಂದಲೇ ಗರಗರ ತಿರುಗಿಸಿ. ಇದನ್ನು 1973ರಲ್ಲಿ ತೋರಿಸಿಕೊಟ್ಟವರು ಹೊವರ್ಡ್ ಬರ್ಗ್. ಅಷ್ಟು ಸಣ್ಣ ಗಾತ್ರಕ್ಕೆ ಇಳಿದರೆ ನೀರಿನ ಜಿಗುಟಿನದೇ ಕಾರುಬಾರು. ತಳ್ಳುವುದು ನಿಂತ ಕ್ಷಣಕ್ಕೇ ಈಜೂ ನಿಲ್ಲುತ್ತದೆ. ಹಿಂದೆ ಮುಂದೆ ಕೈಯಾಡಿಸಿದರೆ ಹೊರಟಲ್ಲಿಗೇ ವಾಪಸ್ಸು. ಸುರುಳಿ ತಿರುಗಿದರೆ ದಾರಿ ಸಾಗುತ್ತದೆ.

ಅಂಥ ಸುರುಳಿಯನ್ನು ಗಾಜಿನಲ್ಲೇ ಮಾಡಿ ಅಯಸ್ಕಾಂತದಿಂದ ಓಡಿಸಿದ್ದು ಅಂಬರೀಷ್ ಘೋಷ್ ಮತ್ತು ಪೀರ್ ಫಿಷರ್, 2009ರಲ್ಲಿ, ಹಾರ್ವರ್ಡಿನ ರೋಲೆಂಡ್ ಸಂಸ್ಥೆಯಲ್ಲಿ. ಅವರು ಸಿಲಿಕಾದ ಆವಿಯನ್ನು ಬಿಲ್ಲೆಯ ಮೇಲೆ ತೀರಾ ಓರೆಯಾಗಿ ಬೀಳಿಸುತ್ತ ಬಿಲ್ಲೆಯನ್ನು ಮೆಲ್ಲಗೆ ತಿರುಗಿಸಿದರು. ಅಗಲ ಸುಮಾರು 200–300 ನ್ಯಾನೋಮೀಟರ್, ಉದ್ದ ಒಂದೆರಡು ಮೈಕ್ರೋಮೀಟರ್ ಇರುವ ಸ್ಕ್ರೂಗಳು ಕೋಟಿಗಟ್ಟಲೆ ಬೆಳೆದು ನಿಂತವು. ಅವನ್ನು ಬಿಲ್ಲೆಯಿಂದ ಬಿಡಿಸಿ, ಮಲಗಿಸಿ, ಒಂದು ಮಗ್ಗುಲಿಗೆ ಕೋಬಾಲ್ಟ್ ಬಳಿದರು. ಸುತ್ತ ಮೂರು ಜೊತೆ ತಂತಿ ಸುರುಳಿ ಇಟ್ಟು ಕಾಂತಕ್ಷೇತ್ರವನ್ನು ತಿರುಗಿಸಿದಾಗ ಸ್ಕ್ರೂ ಹೇಳಿದ ಕಡೆಗೆ ಹೊರಟಿತು.

ಘೋಷ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು. ನನ್ನ ಮಟ್ಟಿಗೆ ಕತೆಯ ತಿರುಳು ಇರುವುದು ಇಲ್ಲಿ. ಓಡಿಸುವುದು ಒಂದು, ಯಾವಾಗ ಮಾತು ಕೇಳುತ್ತದೆ ಯಾವಾಗ ಕೇಳುವುದಿಲ್ಲ ಎಂದು ಲೆಕ್ಕ ಹಾಕುವುದು ಇನ್ನೊಂದು. ಕ್ಷೇತ್ರ ನಿಧಾನವಾಗಿ ತಿರುಗಿದರೆ ಸ್ಕ್ರೂ ಚಿನ್ನಿದಾಂಡಿನ ಚಿನ್ನಿಯ ಹಾಗೆ ಲಾಗ ಹಾಕುತ್ತದೆ, ಮುಂದೆ ಹೋಗುವುದಿಲ್ಲ. ವೇಗ ಏರಿಸಿದಂತೆ ಓಲಾಡುತ್ತ ನೆಟ್ಟಗಾಗಿ ತನ್ನ ಅಕ್ಷದ ಸುತ್ತಲೇ ತಿರುಗಿ ಮುನ್ನುಗ್ಗುತ್ತದೆ. ಇನ್ನೂ ಏರಿಸಿದರೆ ಕ್ಷೇತ್ರದ ಜೊತೆ ಹೆಜ್ಜೆ ಹಾಕಲಾರದೆ ತಪ್ಪುತ್ತದೆ. ಆ ಗಡಿಯ ಹತ್ತಿರ ಒಂದು ವಿಚಿತ್ರವಿದೆ: ಕ್ಷೇತ್ರವೂ ಅದೇ, ವೇಗವೂ ಅದೇ, ಆದರೂ ಸ್ಕ್ರೂ ಒಮ್ಮೆ ಓಡುತ್ತದೆ, ಒಮ್ಮೆ ಲಾಗ ಹಾಕುತ್ತದೆ. ಈ ಇಬ್ಬಗೆಯ ನಡೆಯ ಲೆಕ್ಕವನ್ನು ತಂಡ 2012ರಲ್ಲಿ ಪ್ರಕಟಿಸಿತು.

ಆಮೇಲೆ ರಕ್ತ. ನೀರಿನಲ್ಲಿ ಚೆನ್ನಾಗಿ ಓಡುವ ಲೋಹ ದೇಹದ ದ್ರವಗಳಲ್ಲಿ ತುಕ್ಕು ಹಿಡಿಯುತ್ತದೆ. ಸ್ಕ್ರೂವಿಗೆ ಫೆರೈಟಿನ ತೆಳು ಹೊದಿಕೆ ಹಾಕಿದ ಮೇಲೆ ಅದು ಮನುಷ್ಯರ ರಕ್ತದಲ್ಲಿ ರಾತ್ರಿಯಿಡೀ ನೆನೆದರೂ ಕೆಡಲಿಲ್ಲ, ಓಟವೂ ಹೆಚ್ಚೇನೂ ತಗ್ಗಲಿಲ್ಲ. 2014ರಲ್ಲಿ ಅದು ರಕ್ತದಲ್ಲಿ ಈಜಿತು, ಆದರೆ ಸರಾಗವಾಗಿ ಅಲ್ಲ. ರಕ್ತಕಣಗಳು ಒತ್ತೊತ್ತಾಗಿ ಅಡ್ಡಗಟ್ಟಿದಲ್ಲಿ ಸಿಕ್ಕಿಕೊಂಡು, ಬಿಡಿಸಿಕೊಂಡು, ಮತ್ತೆ ಸಿಕ್ಕಿಕೊಂಡು ಸಾಗಿತು.

2022ರಲ್ಲಿ ಇದೇ ಸಂಸ್ಥೆಯವರೂ ಅಲ್ಲೇ ಬೆಳೆದ ಥೆರನಾಟಿಲಸ್ ಎಂಬ ಕಂಪನಿಯವರೂ ಸ್ಕ್ರೂವನ್ನು ಹಲ್ಲಿಗೆ ಇಳಿಸಿದರು. ರೂಟ್ ಕೆನಾಲ್ ಆದ ಮೇಲೂ ಹಲ್ಲಿನೊಳಗಿನ ಸೂಕ್ಷ್ಮ ನಾಳಗಳಲ್ಲಿ ಎಂಟೆರೋಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಅಡಗಿ ಕೂರುವುದುಂಟು. ಕಬ್ಬಿಣ ಬಳಿದ ಸಿಲಿಕಾ ಸ್ಕ್ರೂಗಳು ಕಿತ್ತ ಹಲ್ಲುಗಳಲ್ಲಿ 2,000 ಮೈಕ್ರೋಮೀಟರ್, ಅಂದರೆ ಎರಡು ಮಿಲಿಮೀಟರ್ ಆಳಕ್ಕೆ ಹೋದವು. ಕ್ಷೇತ್ರವನ್ನು ಬದಲಿಸಿದಾಗ ಅಲ್ಲೇ ಬಿಸಿಯಾಗಿ ಬ್ಯಾಕ್ಟೀರಿಯಾವನ್ನು ಕೊಂದವು. ಬೇಕೆಂದಾಗ ಹೊರಕ್ಕೂ ಬಂದವು.

2022ರ ಆ ಕೆಲಸದಲ್ಲಿದ್ದುದು ಕಿತ್ತ ಹಲ್ಲು ಮತ್ತು ಇಲಿಗಳ ಮೇಲಿನ ಪರೀಕ್ಷೆ. ಅದನ್ನು ನೆಚ್ಚಿ ಯಾರೂ ಕಾಯುತ್ತ ಕೂರಬೇಡಿ. ಒಡೆಯರಪಾಳ್ಯದಿಂದ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ರೂಟ್ ಕೆನಾಲ್‌ಗೆ ಹೋಗುವವರು, ನೋವು ನಿಂತಿತೆಂದು ಅರ್ಧಕ್ಕೆ ಬಿಡದೆ, ಡಾಕ್ಟರು ಹೇಳಿದಷ್ಟೂ ಸಿಟ್ಟಿಂಗ್ ಮುಗಿಸಿಕೊಂಡೇ ಬನ್ನಿ.