ಗಂಡಸರ ಹೆಸರು ಯಾಕ ಬರೀಲಿಲ್ಲ ಅಣ್ಣಾ?

ಹೊಳಲು ಬಸ್ ಸ್ಟ್ಯಾಂಡು. ಸಂಜೆ ಆರು ಗಂಟೆ. ಹಡಗಲಿ ಬಸ್ಸು ಇನ್ನೂ ಬಂದಿಲ್ಲ. ಗೂಡಂಗಡಿ ಮುಂದೆ ನಾಲ್ಕು ಹುಡುಗರು ಒಂದೇ ಮೊಬೈಲಿನ ಮೇಲೆ ಬಗ್ಗಿ ನಿಂತಿದ್ದಾರೆ. ಯಾವುದೋ ಊರಿನ ಲಾಡ್ಜಿನ ಮೇಲೆ ಪೊಲೀಸ್ ದಾಳಿಯಂತೆ. ಸೆರಗಿನಿಂದ ಮುಖ ಮುಚ್ಚಿಕೊಂಡ ಮೂವರು ಹೆಂಗಸರು ಜೀಪು ಹತ್ತುತ್ತಿದ್ದಾರೆ. ಕ್ಯಾಮೆರಾ ಬಿಡುತ್ತಿಲ್ಲ, ಸೆರಗಿನ ಸಂದಿಯಲ್ಲೇ ಮುಖ ಹುಡುಕುತ್ತಿದೆ. ಒಬ್ಬ ಶಿಳ್ಳೆ ಹೊಡೆದ. ಇನ್ನೊಬ್ಬ, "ಜೂಮ್ ಮಾಡಲೇ" ಅಂದ.

ನಾನು ಬೈಯಲಿಲ್ಲ. ಬೈಯುವ ಹಕ್ಕು ನನಗೆಲ್ಲಿದೆ? ಅಂಥದೇ ಸುದ್ದಿಯೊಂದನ್ನು ಒಂದು ಕಾಲದಲ್ಲಿ ನನ್ನ ಕೈಯಾರೆ ಬರೆದವನು ನಾನು!

ಸಿನಿಮಾ ಪತ್ರಿಕೆಯಲ್ಲಿ ಇದೇನು ಹೊಸ ರಾಗ ಎಂದು ಹುಬ್ಬೇರಿಸಬೇಡಿ, ಮಿತ್ರರೇ. ಈ ಕಥೆ ಶುರುವಾಗುವುದೇ ಟೆಂಟ್ ಸಿನಿಮಾದಲ್ಲಿ.

ಟೆಂಟಿನಲ್ಲಿ ಕಂಡ 'ಗೆಜ್ಜೆಪೂಜೆ'

ನನಗೆ ಆಗ ಹತ್ತು ವರ್ಷ. ನಮ್ಮ ಕಡೆ ಟೂರಿಂಗ್ ಟಾಕೀಸು ಬಂದಿತ್ತು. ಊರೂರು ತಿರುಗಿ, ಗೀರು ಬಿದ್ದು, ಮಳೆ ಸುರಿಯುತ್ತಿದ್ದ ಹಳೆಯ ಪ್ರಿಂಟು. ಚಿತ್ರ 'ಗೆಜ್ಜೆಪೂಜೆ'. ಎಂ.ಕೆ. ಇಂದಿರಾ ಅವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ. 1969ನೇ ಸಾಲಿನ ರಾಷ್ಟ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ಕನ್ನಡ ಚಿತ್ರವೆಂದೂ ಶ್ರೇಷ್ಠ ಚಿತ್ರಕಥೆಗೆಂದೂ ಗೌರವ ಪಡೆದ ಚಿತ್ರ ಅದು. ವೇಶ್ಯೆಯ ಮನೆಯಲ್ಲಿ ಹುಟ್ಟಿದ ಹುಡುಗಿಯಾಗಿ ಕಲ್ಪನಾ. ಅವಳಿಗೆ ಬೇಕಾಗಿದ್ದು ಒಂದೇ, ಎಲ್ಲರ ಹಾಗೆ ಒಂದು ಮದುವೆ. ಸಮಾಜ ಅವಳಿಗೆ ಕೊಟ್ಟಿದ್ದು ಗೆಜ್ಜೆ!

ಚಿತ್ರ ಮುಗಿದಾಗ ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು. ಗಂಡಸರೂ ಕಣ್ಣೊರೆಸಿಕೊಂಡರು. ಟೆಂಟಿನಿಂದ ಹೊರಗೆ ಬಂದೆವು. ಕೇರಿಯ ಕಡೆಯ ಇಬ್ಬರು ಹೆಂಗಸರು ಕಂದೀಲು ಹಿಡಿದು ಮನೆಗೆ ಹೊರಟಿದ್ದರು. ದೇವರಿಗೆ ಬಿಟ್ಟವರು. ಈಗಷ್ಟೇ ಕಲ್ಪನಾಳಿಗಾಗಿ ಕಣ್ಣೀರು ಸುರಿಸಿದ ಗಂಡಸರಲ್ಲೇ ಒಬ್ಬ ಅವರನ್ನು ನೋಡಿ ಕೆಮ್ಮಿದ. ಯಾವ ಕೆಮ್ಮು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ತೆರೆಯ ಮೇಲಿದ್ದವಳಿಗೆ ಕಣ್ಣೀರು, ಬೀದಿಯಲ್ಲಿದ್ದವಳಿಗೆ ಕೆಮ್ಮು. ಹತ್ತು ವರ್ಷದ ನನಗೆ ಅದು ಅರ್ಥವಾಗಲಿಲ್ಲ.

ನಮ್ಮ ಸೀಮೆಯ ಕಥೆ

ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ... ಮೊನ್ನೆ ಮೊನ್ನೆವರೆಗೆ ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ಹೊರಗಿನವರಿಗೆ ಹಡಗಲಿ ಅಂದರೆ ಮಲ್ಲಿಗೆ. ಒಳಗಿನವರಿಗೆ ಇನ್ನೊಂದು ಮಾತೂ ಗೊತ್ತು: ಮುತ್ತು ಕಟ್ಟುವುದು. ಎಲ್ಲಮ್ಮ, ಹುಲಿಗೆಮ್ಮ, ಉಚ್ಚಂಗೆಮ್ಮನ ಹೆಸರಿನಲ್ಲಿ ಹುಡುಗಿಯ ಕೊರಳಿಗೆ ಮಣಿಸರ ಬೀಳುತ್ತಿತ್ತು. ಬಹುಪಾಲು ದಲಿತರ ಮನೆ ಹುಡುಗಿಯರು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹಿರಿಮಗಳನ್ನು 'ಬಸವಿ' ಬಿಡುವುದೂ ಉಂಟು. ಮಗನಂತೆ ಅವಳೇ ತಂದೆ ತಾಯಿಯನ್ನು ಸಾಕಬೇಕು. ಹೆಸರಿಗೆ ದೇವರ ಹೆಂಡತಿ. ಆದರೆ ಮೈನೆರೆದ ಮೇಲೆ ಅವಳ ಬಾಗಿಲಿಗೆ ಬಂದವನು ದೇವರಲ್ಲ, ಊರಿನ ಹಣವುಳ್ಳವನು.

ಕಾನೂನು ಬರಲಿಲ್ಲವೇ? ಬಂತು. ಬಳ್ಳಾರಿ ಮದರಾಸಿಗೆ ಸೇರಿದ್ದಾಗಲೇ, 1947ರಲ್ಲಿ, ಮದರಾಸು ಸರ್ಕಾರ ದೇವದಾಸಿ ಬಿಡುವುದನ್ನು ನಿಷೇಧಿಸಿತು. ಕರ್ನಾಟಕದ ಕಾಯ್ದೆ 1982ರದು. ಅದರಲ್ಲಿ ಬಿಡಿಸಿದವರಿಗೆ 3 ವರ್ಷದವರೆಗೆ ಸಜೆ ಇತ್ತು, ತಂದೆ ತಾಯಿ ಬಂಧುಗಳಾದರೆ 5 ವರ್ಷದವರೆಗೆ. ಆಮೇಲೂ ಸರ್ಕಾರ 1993-94ರಲ್ಲಿ ಒಮ್ಮೆ, 2007-08ರಲ್ಲಿ ಒಮ್ಮೆ ಲೆಕ್ಕ ಹಾಕಿಸಿತು. ಎರಡೂ ಸೇರಿ ಸಿಕ್ಕ ದೇವದಾಸಿಯರ ಸಂಖ್ಯೆ 46 ಸಾವಿರ ದಾಟಿತು!

ಆ ಶಿಕ್ಷೆಯ ಕಲಮನ್ನು ಇನ್ನೊಮ್ಮೆ ಓದಿ. ಅಪ್ಪ ಅವ್ವನಿಗೆ ಹೆಚ್ಚಿನ ಸಜೆ ಎಂದು ಬರೆದಿತ್ತು. ಹಣ ತೆತ್ತು ಆ ಹುಡುಗಿಯನ್ನು 'ಇಟ್ಟುಕೊಂಡ' ಗಂಡಸಿಗೆಂದು ಅಲ್ಲಿ ಬೇರೆ ಸಾಲೇ ಇರಲಿಲ್ಲ.

ನಾನು ಬರೆದ ಸುದ್ದಿ

1996. ಆಗ ನಾನು ಒಂದು ಪತ್ರಿಕೆಗೆ ಊರ ಸುದ್ದಿ ಕಳಿಸುತ್ತಿದ್ದೆ. ಹೆಸರು ಬೇಡ. ಸೆಂಟಿಮೀಟರ್ ಲೆಕ್ಕದಲ್ಲಿ ಸಂಭಾವನೆ. ಹತ್ತಿರದ ಪಟ್ಟಣದ ಲಾಡ್ಜೊಂದರ ಮೇಲೆ ದಾಳಿ ಆಯಿತು. ಮೂವರು ಹೆಂಗಸರ ಹೆಸರು, ವಯಸ್ಸು, ಊರು ಬರೆದ ಚೀಟಿ ಕೈಗೆ ಬಂತು. ಗಂಡಸರು? "ಕೆಲವರು ಪರಾರಿ." ಅಷ್ಟೇ. ಇದ್ದದ್ದನ್ನು ಇದ್ದ ಹಾಗೇ ಬರೆದು ಕಳಿಸಿದೆ. ತಮಾಷೆ ಏನೆಂದರೆ, ಪರಾರಿಯಾದವರಲ್ಲಿ ಒಬ್ಬ ಅದೇ ಸಂಜೆ ನನ್ನ ಜೊತೆ ಕೂತು ಚಹಾ ಕುಡಿದಿದ್ದ! ನನಗೆ ಗೊತ್ತಿತ್ತು. ಅವನ ಹೆಸರು ಬರೆಯಬೇಕು ಅಂತ ಹೊಳೆಯಲೇ ಇಲ್ಲ.

ಮೂರನೇ ದಿನ ಒಬ್ಬ ಹುಡುಗ ನಮ್ಮ ಮನೆ ಬಾಗಿಲಿಗೆ ಬಂದ. ಪಿಯುಸಿ ಓದುತ್ತಿದ್ದವನು. ಶಂಕರ್‌ನಾಗ್ ಅಭಿಮಾನಿ, ನನ್ನ ಹತ್ತಿರ ಸಿನಿಮಾ ಪತ್ರಿಕೆ ಇಸಿದುಕೊಂಡು ಹೋಗುತ್ತಿದ್ದ. ಕೈಯಲ್ಲಿ ನನ್ನ ಸುದ್ದಿಯ ತುಂಡು.

"ಅಣ್ಣಾ, ಇದು ನಮ್ಮವ್ವನ ಹೆಸರು."

ನಾನು ತಲೆ ತಗ್ಗಿಸಿದೆ.

"ಅಲ್ಲಿದ್ದ ಗಂಡಸರ ಹೆಸರು ಯಾಕ ಬರೀಲಿಲ್ಲ ಅಣ್ಣಾ?"

ಉತ್ತರ ಇರಲಿಲ್ಲ. ಇದ್ದಿದ್ದರೂ ಹೇಳುವ ಧೈರ್ಯ ಇರಲಿಲ್ಲ. ಅವನು ಕಾಲೇಜಿಗೆ ಮತ್ತೆ ಹೋಗಲಿಲ್ಲ. ಮಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಅಂತ ಆಮೇಲೆ ತಿಳಿಯಿತು.

ನೊಂದವರೇ ಇಲ್ಲದ ಅಪರಾಧವೇ?

ಪೇಟೆಯ ಪಂಡಿತರ ಒಂದು ವಾದ ಉಂಟು. ಕಳ್ಳತನದಲ್ಲಿ ಕಳೆದುಕೊಂಡವನಿದ್ದಾನೆ, ಕೊಲೆಯಲ್ಲಿ ಸತ್ತವನಿದ್ದಾನೆ. ವೇಶ್ಯಾವೃತ್ತಿಯಲ್ಲಿ ಕೊಡುವವನೂ ಒಪ್ಪಿದ್ದಾನೆ, ಪಡೆಯುವವಳೂ ಒಪ್ಪಿದ್ದಾಳೆ. ನೊಂದವರು ಯಾರು? ನೊಂದವರೇ ಇಲ್ಲದ್ದು ಅಪರಾಧ ಹೇಗೆ? ಕೇಳಲಿಕ್ಕೆ ಚೆನ್ನಾಗಿದೆ. ಲೋಕವೂ ಈ ಪ್ರಶ್ನೆಗೆ ಎರಡು ದಾರಿ ಹಿಡಿದಿದೆ. ಸ್ವೀಡನ್ 1999ರಲ್ಲಿ ಕೊಳ್ಳುವವನನ್ನು ಅಪರಾಧಿ ಮಾಡಿತು, ಮಾರುವವಳನ್ನಲ್ಲ. ನ್ಯೂಜಿಲೆಂಡ್ 2003ರಲ್ಲಿ ಇಬ್ಬರ ಮೇಲಿನ ಅಪರಾಧದ ಹಣೆಪಟ್ಟಿಯನ್ನೂ ಕಿತ್ತುಹಾಕಿತು.

ನಮ್ಮ ದೇಶದಲ್ಲಿ? ಅನೇಕರಿಗೆ ಗೊತ್ತಿಲ್ಲದ ಸಂಗತಿ: ಪ್ರಾಯಕ್ಕೆ ಬಂದ ಹೆಣ್ಣು ತನ್ನಿಷ್ಟದಿಂದ ಈ ವೃತ್ತಿ ಮಾಡಿದರೆ ಅದೇ ಅಪರಾಧವಲ್ಲ. 1956ರ ಕಾಯ್ದೆ ಶಿಕ್ಷಿಸುವುದು ವೇಶ್ಯಾಗೃಹ ನಡೆಸುವವರನ್ನು, ಅವಳ ಗಳಿಕೆಯಲ್ಲಿ ಬದುಕುವವರನ್ನು, ಹುಡುಗಿಯರನ್ನು ಸಾಗಿಸುವ ದಲ್ಲಾಳಿಗಳನ್ನು. ಆದರೆ ಬೀದಿಯಲ್ಲಿ ನಿಂತು ಕರೆದರೆ ಅಪರಾಧ. ಅದೇ 8ನೇ ಕಲಮು. ಮೊದಲ ಸಲ ಹೆಣ್ಣು ಸಿಕ್ಕಿಬಿದ್ದರೆ 6 ತಿಂಗಳವರೆಗೆ ಸಜೆ ಆಗಬಹುದು. ಅದೇ ತಪ್ಪು ಗಂಡು ಮಾಡಿದರೆ? ಹೆಚ್ಚೆಂದರೆ 3 ತಿಂಗಳು! 1986ರ ತಿದ್ದುಪಡಿಯ ಕೊಡುಗೆ ಇದು.

ಹನ್ನೊಂದನೇ ವಯಸ್ಸಿನಲ್ಲಿ ಕೊರಳಿಗೆ ಮುತ್ತು ಬಿದ್ದ ಹುಡುಗಿ 'ಒಪ್ಪಿದಳು' ಅನ್ನುವುದಾದರೆ ಒಪ್ಪಿಗೆ ಎಂಬ ಶಬ್ದಕ್ಕೇ ಅರ್ಥವಿಲ್ಲ. ಅಲ್ಲಿ ನೊಂದವಳು ಇದ್ದಾಳೆ, ಕಣ್ಣೆದುರೇ ಇದ್ದಾಳೆ. ಪ್ರಾಯದ ಹೆಣ್ಣು ತಾನೇ ಆರಿಸಿಕೊಂಡಳು ಅನ್ನೋಣ. ಅವಳನ್ನು ಆಗ ನೋಯಿಸುವವರು ಯಾರು? ಇದಕ್ಕೆ ಉತ್ತರ ನನಗೆ ಪುಸ್ತಕದಲ್ಲಿ ಸಿಗಲಿಲ್ಲ. ಆ ಹುಡುಗನ ತಾಯಿಯೇ ಕೊಟ್ಟಳು.

ವರ್ಷಗಳ ಮೇಲೆ ಧೈರ್ಯ ಮಾಡಿ ಅವಳ ಮನೆಗೆ ಹೋಗಿದ್ದೆ. "ಯಕ್ಕಾ, ತಪ್ಪಾತು" ಅಂದೆ. ಅವಳು ಬೈಯಲಿಲ್ಲ. ಚಾಪೆ ಹಾಸಿದಳು.

"ಈ ಕೆಲಸದಾಗ ನೋವು ಐತಿ ಯಪ್ಪಾ, ಸುಳ್ಳಲ್ಲ. ಸಣ್ಣಾಕಿ ಇದ್ದಾಗ ನನ್ನ ಯಾರೂ ಕೇಳ್ಲಿಲ್ಲ. ದೊಡ್ಡಾಕಿ ಆದಮ್ಯಾಲ ಹೊಟ್ಟಿಗೆ ಮಾಡಿದೆ, ಮಗನ್ನ ಓದ್ಸಿದೆ. ನಿಮ್ಮ ಪೇಪರ್ ಓದೋ ದೊಡ್ಡ ಮಂದಿಗೆ ನನ್ನ ಹೆಸರು ಮೊದ್ಲ ಗೊತ್ತಿತ್ತು. ನನ್ನ ಮಗನ ಗೆಳ್ಯಾರಿಗೆ ಗೊತ್ತಿರ್ಲಿಲ್ಲ. ಅವರಿಗೆ ನೀವು ಹೇಳಿದ್ರಿ."

ಕೋರ್ಟು ಹೇಳಿದ್ದು, ಕ್ಯಾಮೆರಾ ಮಾಡಿದ್ದು

2022ರ ಮೇ 19. ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂತು. ಕಲ್ಕತ್ತೆಯಲ್ಲಿ 1999ರಲ್ಲಿ ನಡೆದ ಒಬ್ಬ ಲೈಂಗಿಕ ವೃತ್ತಿಯ ಮಹಿಳೆಯ ಕೊಲೆಯಿಂದ ಶುರುವಾದ ಮೊಕದ್ದಮೆ ಅದು. ಕೋರ್ಟು ಹೇಳಿದ್ದು ಇಷ್ಟು: ಸಂವಿಧಾನದ 21ನೇ ವಿಧಿ ಕೊಡುವ ಮಾನದ ಬದುಕು ಇವರಿಗೂ ಉಂಟು. ದಾಳಿ ನಡೆದಾಗ ತನ್ನಿಷ್ಟದಿಂದ ವೃತ್ತಿಯಲ್ಲಿರುವ ಪ್ರಾಯದ ಹೆಣ್ಣನ್ನು ಬಂಧಿಸಬಾರದು, ಕಾಡಬಾರದು ಎಂಬ ಸಮಿತಿಯ ಶಿಫಾರಸನ್ನು ಆದೇಶ ಉಲ್ಲೇಖಿಸಿತು. ಪತ್ರಿಕೆಗಳು, ಟೀವಿಗಳು ಅವಳ ಗುರುತು ಬಯಲು ಮಾಡಬಾರದು. 'ರಕ್ಷಣೆ' ಎಂಬ ಹೆಸರಿನಲ್ಲಿ ಅವಳ ಚಿತ್ರ ಬಿತ್ತರಿಸಿದರೆ, ಕದ್ದು ನೋಡುವ ಅಪರಾಧದ ಕಲಮನ್ನೇ ಹಾಕಬೇಕು!

ಕದ್ದು ನೋಡುವ ಅಪರಾಧ... ಆ ಮಾತು ಓದಿದಾಗ ನನ್ನ 1996ರ ಸುದ್ದಿ ನೆನಪಾಯಿತು.

ನಮ್ಮ ಚಿತ್ರರಂಗವೂ ಇದರ ಏಟು ತಿಂದಿದೆ. 2014ರಲ್ಲಿ ಹೈದರಾಬಾದಿನ ಹೋಟೆಲೊಂದರಲ್ಲಿ ಯುವನಟಿಯೊಬ್ಬರನ್ನು ಪೊಲೀಸರು ಹಿಡಿದರು. ಬಾಲನಟಿಯಾಗಿ ರಾಷ್ಟ್ರ ಪ್ರಶಸ್ತಿ ಪಡೆದವರು. ಹೆಸರು, ಫೋಟೋ ದೇಶದ ತುಂಬ ಹರಡಿತು. ಅವರು ಕೊಟ್ಟರೆಂಬ 'ಹೇಳಿಕೆ'ಯೂ ಅಚ್ಚಾಯಿತು. ಅಂಥ ಹೇಳಿಕೆ ತಾನು ಕೊಟ್ಟೇ ಇಲ್ಲ ಎಂದು ಅವರು ಆಮೇಲೆ ಸಾರಿ ಹೇಳಿದರು. ಆ ವರ್ಷ ಮುಗಿಯುವುದರೊಳಗೆ ಕೋರ್ಟು ಅವರನ್ನು ಆರೋಪದಿಂದ ಬಿಟ್ಟಿತು. ಜೊತೆಗಿದ್ದನೆಂದು ಹೇಳಲಾದ 'ಉದ್ಯಮಿ'ಯ ಹೆಸರು ಯಾವ ದಿನ ತಲೆಬರಹವಾಯಿತು? ನೆನಪಿದ್ದರೆ ಹೇಳಿ. ನಟಿಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಕಲಿತಿದ್ದೇನೆ.

ಇನ್ನು ನಮ್ಮ ಸಿನಿಮಾ! ವೇಶ್ಯೆ ಅಂದರೆ ಒಂದೋ ಕ್ಯಾಬರೆ, ಇಲ್ಲವೇ ನಾಯಕನಿಗೆ ಬಂದ ಗುಂಡಿಗೆ ಎದೆಕೊಟ್ಟು ಸಾಯುವ ತ್ಯಾಗಮಯಿ. ಬದುಕಿ ಉಳಿದು ಮಗನ ಫೀಸು ಕಟ್ಟುವ ಹೆಂಗಸು ತೆರೆಯ ಮೇಲೆ ಅಪರೂಪ. ಪುಟ್ಟಣ್ಣನವರು ಮಾತ್ರ ಈ ವಿಷಯವನ್ನು ಬಿಡಲಿಲ್ಲ. ಅವರ ಕೊನೆಯ ಚಿತ್ರ 'ಮಸಣದ ಹೂವು' ಮತ್ತೆ ಅದೇ ಲೋಕಕ್ಕೆ ಹೋಯಿತು. ಅದು ಮುಗಿಯುವ ಮೊದಲೇ, 1985ರ ಜೂನ್‌ನಲ್ಲಿ, ಅವರು ಕಣ್ಣುಮುಚ್ಚಿದರು. ಕೆ.ಎಸ್.ಎಲ್. ಸ್ವಾಮಿ ಪೂರ್ತಿ ಮಾಡಿದರು. ವೇಶ್ಯಾಗೃಹದ ಒಡತಿಯಾಗಿ ಜಯಂತಿ ಅವರ ಅಭಿನಯ ನೋಡದವರು ಇಂದಾದರೂ ನೋಡಿ. ಆ ಮನೆಗೆ ಹಣ ಹಿಡಿದು ಬರುವವರು ಯಾರು ಅನ್ನುವುದನ್ನೂ ಗಮನಿಸಿ ನೋಡಿ.

ಮತ್ತೆ ಬಸ್ ಸ್ಟ್ಯಾಂಡಿನಲ್ಲಿ

ಹಡಗಲಿ ಬಸ್ಸಿನ ದೀಪ ದೂರದಲ್ಲಿ ಕಂಡಿತು. ನಾನು ಆ ಹುಡುಗರ ಹತ್ತಿರ ಹೋದೆ. ಭಾಷಣ ಮಾಡಲಿಲ್ಲ. ಒಂದೇ ಮಾತು ಕೇಳಿದೆ.

"ತಮ್ಮಾ, ಆ ಲಾಡ್ಜಿನ್ಯಾಗ ಗಂಡಸರು ಯಾರೂ ಇರ್ಲಿಲ್ಲೇನೋ?"

ಮೊಬೈಲ್ ಹಿಡಿದಿದ್ದವನು ನನ್ನ ಮುಖ ನೋಡಿದ. ವಿಡಿಯೋ ಮತ್ತೆ ಮೊದಲಿನಿಂದ ಹಾಕಿದ. ನಾಲ್ವರೂ ಕೊನೆಯವರೆಗೆ ನೋಡಿದರು. ಈ ಸಲ ಯಾರೂ ಶಿಳ್ಳೆ ಹೊಡೆಯಲಿಲ್ಲ. ಜೀಪು, ಸೆರಗು, ಮೂವರು ಹೆಂಗಸರು, ಪೊಲೀಸರು... ಅಷ್ಟೇ.

"ಯಾರೂ ಕಾಣ್ವಲ್ರು ಕಾಕಾ" ಅಂದ.

"ಎಲ್ಲಿ ಹೋದ್ರು ಹಂಗಾರ?"

ಅವನು ಉತ್ತರ ಕೊಡಲಿಲ್ಲ. ಮೊಬೈಲು ಜೇಬಿಗೆ ಇಟ್ಟ. ಬಸ್ಸು ಬಂತು, ಹತ್ತಿದೆವು.