ದೆವ್ವದ ಮೇಲೆ ಹೊರಿಸಿದರೆ ಊರು ಪಾರು

ಊರಿಂದ ದೂರ, ದಟ್ಟ ಮರಗಳ ನಡುವೆ ಒಂದು ಹಳೇ ಬಂಗಲೆ. ಮದುವೆಯಾಗದೆ ಬಸುರಾದ ಹುಡುಗಿಯನ್ನು ಅಪ್ಪ ಕತ್ತಲಾದ ಮೇಲೆ ತಂದು ಬಿಟ್ಟುಹೋಗುತ್ತಾನೆ. ಬೀಗ ಜಡಿದ ಮೇಲ್ಮಹಡಿ, ನಡುರಾತ್ರಿ ಕೇಳುವ ಕೂಸಿನ ಅಳು, ಸೊಂಟಕ್ಕೆ ಕೀಲಿಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡುವ ಕಲ್ಲೆದೆಯ ಸನ್ಯಾಸಿನಿ, ಗೋಡೆಯ ಸಂದಿನಲ್ಲಿ ಯಾರೋ ಬಚ್ಚಿಟ್ಟ ಡೈರಿ. ಇಂಗ್ಲಿಷಿನ ಚಾರಿತ್ರಿಕ ಗೋಥಿಕ್ ಕಾದಂಬರಿಗಳನ್ನು ಓದುವವರಿಗೆ ಈ ಅಚ್ಚು ಚೆನ್ನಾಗಿ ಪರಿಚಿತ. ಓದಿಸಿಕೊಂಡು ಹೋಗುವ ಗುಣ ಇದಕ್ಕಿದೆ, ಅನುಮಾನವಿಲ್ಲ. ಆದರೆ ಐರ್ಲೆಂಡಿನ ತಾಯಿ-ಮಗು ಗೃಹಗಳ ಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಂದು ತೊಡಕು ಕಾಣುತ್ತದೆ. ಈ ಕಥೆಗಳು ಭಯವನ್ನು ಬಂಗಲೆಯೊಳಗೆ ಕೂಡಿಹಾಕಿ, ಗೇಟಿನ ಹೊರಗಿದ್ದ ಊರನ್ನು ನಿರಾಳವಾಗಿ ಮನೆಗೆ ಕಳಿಸಿಬಿಡುತ್ತವೆ. ಚರಿತ್ರೆ ಹೇಳುವುದೇ ಬೇರೆ.

ಬಂಗಲೆ ಬರೀ ಕಲ್ಪನೆಯಲ್ಲ ಎಂಬುದನ್ನು ಮೊದಲು ಒಪ್ಪಬೇಕು. ಆಂಗ್ಲೋ-ಐರಿಷ್ ಜಮೀನ್ದಾರರ ದೊಡ್ಡ ಮನೆಗಳೇ ಐರಿಷ್ ಗೋಥಿಕ್ ಸಾಹಿತ್ಯದ ತವರು. 1922ರಲ್ಲಿ ದೇಶ ಸ್ವತಂತ್ರವಾದ ಮೇಲೆ ಇಂಥ ಕೆಲವು ಮನೆಗಳು ಕ್ಯಾಥೊಲಿಕ್ ಸನ್ಯಾಸಿನಿಯರ ಸಂಘಗಳ ಕೈಸೇರಿ, ಮದುವೆಯಾಗದ ತಾಯಂದಿರ ಗೃಹಗಳಾದವು. ಕಾರ್ಕ್ ನಗರದ ಬೆಸ್‌ಬರೋ, ರಾಸ್ಕ್ರೇ ಬಳಿಯ ಶಾನ್ ರಾಸ್ ಅಬಿ, ವೆಸ್ಟ್‌ಮೀತ್‌ನ ಕ್ಯಾಸಲ್‌ಪೊಲಾರ್ಡ್ ಮೂರೂ ಹೀಗೆ ಬಂದವು. ಒಳಗೆ ಕಾಲಿಟ್ಟ ಹುಡುಗಿಗೆ ಹಲವೆಡೆ ಬೇರೊಂದು ಹೆಸರು ಇಡುತ್ತಿದ್ದರು. ಊರು, ಮನೆತನ ಬಾಯಿಬಿಡುವಂತಿರಲಿಲ್ಲ. ಹೆತ್ತ ಮಗು ದತ್ತು ಹೋಗುವವರೆಗೆ ಅಲ್ಲೇ ದುಡಿದುಕೊಂಡಿದ್ದವರು ಅನೇಕರು. ಸರ್ಕಾರ 2015ರಲ್ಲಿ ನೇಮಿಸಿದ ತನಿಖಾ ಆಯೋಗ 1922ರಿಂದ 1998ರವರೆಗಿನ 18 ಸಂಸ್ಥೆಗಳನ್ನು ಪರಿಶೀಲಿಸಿ, 2021ರ ಜನವರಿಯಲ್ಲಿ ವರದಿ ಪ್ರಕಟಿಸಿತು. ಆ ಸಂಸ್ಥೆಗಳಲ್ಲಿ ಸುಮಾರು 56,000 ತಾಯಂದಿರು ಇದ್ದುಹೋಗಿದ್ದರು. ಸುಮಾರು 57,000 ಮಕ್ಕಳಲ್ಲಿ 9,000 ಮಕ್ಕಳು ಸತ್ತಿದ್ದವು. ಎಂದರೆ ನೂರಕ್ಕೆ ಹದಿನೈದು. ಇದಕ್ಕಿಂತ ಘೋರವಾದದ್ದನ್ನು ಕಾದಂಬರಿಕಾರ ಹೊಸದಾಗಿ ಕಟ್ಟಬೇಕಾಗಿಲ್ಲ.

ಹಾಗಾದರೆ ಗೋಥಿಕ್ ಅಚ್ಚು ಎಡವುವುದೆಲ್ಲಿ? ಬೆಸ್‌ಬರೋದ ಒಂದು ಪ್ರಸಂಗ ನೋಡಿ. 1943ರಲ್ಲಿ ಅಲ್ಲಿ ಹುಟ್ಟಿದ ಅಥವಾ ಅಲ್ಲಿಗೆ ಬಂದ ಕೂಸುಗಳಲ್ಲಿ ಮುಕ್ಕಾಲು ಪಾಲು ವರ್ಷ ತುಂಬುವ ಮೊದಲೇ ಸತ್ತವು. 1944ರಲ್ಲಿ ಸರ್ಕಾರದ ಮುಖ್ಯ ವೈದ್ಯಕೀಯ ಸಲಹೆಗಾರರಾಗಿ ಬಂದ ಡಾ. ಜೇಮ್ಸ್ ಡೀನಿ ಅಂಕಿಅಂಶ ನೋಡಿ ಬೆಚ್ಚಿ, ತಾವೇ ಅಲ್ಲಿಗೆ ಹೋದರು. ಮುಂದೆ ಆತ್ಮಕಥೆಯಲ್ಲಿ ಅವರು ಬರೆದಿರುವಂತೆ, ಕಟ್ಟಡ ಅಂದವಾಗಿತ್ತು, ಎಲ್ಲಿ ನೋಡಿದರೂ ಥಳಥಳ ಶುಚಿ. ವಾರ್ಡುಗಳಲ್ಲಿ ಮೇಲೆ ಕೆಳಗೆ ಅಡ್ಡಾಡಿದರೂ ತಪ್ಪು ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಕೊನೆಗೆ ಏನೋ ಹೊಳೆದು ಎಲ್ಲ ಕೂಸುಗಳ ಬಟ್ಟೆ ಬಿಚ್ಚಿಸಿದರು. ಒಂದೊಂದರ ಚರ್ಮದಲ್ಲೂ ಕೀವು ತುಂಬಿದ ಸೋಂಕು, ಎಲ್ಲಕ್ಕೂ ಹಸಿರು ಭೇದಿ. ಎಲ್ಲವನ್ನೂ ಬಟ್ಟೆಯಡಿ ಜೋಪಾನವಾಗಿ ಮುಚ್ಚಿಡಲಾಗಿತ್ತು. ಅಲ್ಲಿ ಜೇಡರ ಬಲೆ ಇರಲಿಲ್ಲ, ಕಿರುಗುಟ್ಟುವ ಬಾಗಿಲೂ ಇರಲಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮರೆಯಲ್ಲೇ ಸಾವು ಇತ್ತು. ಬೆಸ್‌ಬರೋಗೆ ಸಂಬಂಧಿಸಿ 900ಕ್ಕೂ ಹೆಚ್ಚು ಮಕ್ಕಳು ಸತ್ತಿದ್ದರೂ, 64 ಮಕ್ಕಳನ್ನು ಹೂತ ಜಾಗ ಮಾತ್ರ ಆಯೋಗಕ್ಕೆ ಪತ್ತೆಯಾಯಿತು. ಭಯಾನಕ ಅಂದರೆ ಪಾಳು, ಕತ್ತಲೆ, ಧೂಳು ಎಂದು ನಂಬಿದ ಕಣ್ಣಿಗೆ ಇಂಥ ಮನೆ ಸಭ್ಯವಾಗಿಯೇ ಕಾಣುತ್ತದೆ. ನೋಡಲು ಬಂದುಹೋದವರಿಗೂ ಹಾಗೇ ಕಂಡಿರಬೇಕು.

ಎರಡನೆಯ ತೊಡಕು ಗುಟ್ಟಿನದು. ಗೋಥಿಕ್ ಕಥೆಯಲ್ಲಿ ಸತ್ಯ ಬಚ್ಚಿಟ್ಟ ಕಾಗದದಲ್ಲಿರುತ್ತದೆ. ನಾಯಕಿ ಅದನ್ನು ಹುಡುಕಿ ತೆಗೆಯುತ್ತಾಳೆ. ಗಾಲ್ವೇ ಕೌಂಟಿಯ ಟ್ಯೂಮ್ ಪಟ್ಟಣದ ಗೃಹದಲ್ಲಿ (1925–61) ಸತ್ತ 796 ಮಕ್ಕಳ ಪಟ್ಟಿ ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕಾರ್ಲೆಸ್ ಅವರಿಗೆ ಸಿಕ್ಕಿದ್ದು ಸರ್ಕಾರಿ ಜನನ-ಮರಣ ನೋಂದಣಿಯಲ್ಲಿ. ಹೆಸರು, ವಯಸ್ಸು, ಸಾವಿನ ಕಾರಣ ಎಲ್ಲವೂ ಕ್ರಮಬದ್ಧವಾಗಿ ದಾಖಲಾಗಿತ್ತು. ಹೂತ ಜಾಗದ ದಾಖಲೆ ಮಾತ್ರ ಇರಲಿಲ್ಲ. ಕಟ್ಟಡ ಕೌಂಟಿ ಕೌನ್ಸಿಲಿನದು, ತಲೆಗಿಷ್ಟು ಎಂದು ಹಣ ಕೊಡುತ್ತಿದ್ದದ್ದೂ ಅದೇ. ಗೃಹದ ಮಕ್ಕಳು ಊರಿನ ಶಾಲೆಗೇ ಸಾಲಾಗಿ ನಡೆದು ಬರುತ್ತಿದ್ದರು: ಉಳಿದವರಿಗಿಂತ ತಡವಾಗಿ ಬಂದು, ಬೇರೆ ಕೂತು, ಬೇಗ ಹೊರಡುತ್ತಿದ್ದರು. ಅದೇ ಶಾಲೆಯಲ್ಲಿ ಓದಿದ ಕಾರ್ಲೆಸ್, ಒಮ್ಮೆ ಒಳಗೆ ಮಿಠಾಯಿಯೇ ಇಲ್ಲದ ಬಣ್ಣದ ಕಾಗದವನ್ನು ಸುತ್ತಿ ಆ ಮಕ್ಕಳಲ್ಲಿ ಒಬ್ಬಳ ಕೈಗೆ ಕೊಟ್ಟು ತಮಾಷೆ ಮಾಡಿದ್ದನ್ನು ದೊಡ್ಡವರಾದ ಮೇಲೂ ಮರೆಯಲಾಗಲಿಲ್ಲ. 2017ರಲ್ಲಿ ಆಯೋಗ ಅಲ್ಲಿ ನೆಲದಡಿಯ 20 ಗೂಡುಗಳ ಕಟ್ಟಡವೊಂದನ್ನು ತೆರೆಸಿತು. ಬಹುಪಾಲು ಗೂಡುಗಳಲ್ಲಿ ಮಕ್ಕಳ ಅಸ್ಥಿ ಸಿಕ್ಕಿತು. ಅದನ್ನು ಊರು ಅವತ್ತೇ ತಿಳಿದದ್ದು ಎನ್ನುವುದಾದರೆ, ದಿನಾ ಬೀದಿಯಲ್ಲಿ ನಡೆದುಹೋಗುತ್ತಿದ್ದ ಆ ಮಕ್ಕಳ ಸಾಲನ್ನು ಯಾರೂ ಕಂಡಿರಲಿಲ್ಲ ಎಂದೂ ಹೇಳಬೇಕಾಗುತ್ತದೆ.

ಇದಕ್ಕೆ ಬರುವ ಆಕ್ಷೇಪ: ಕಾದಂಬರಿಗೆ ಕಡತದ ಕೆಲಸ ಏಕೆ ಹೊರಿಸಬೇಕು? ಬಂದಿಯಾದವಳ ದಿಗಿಲನ್ನು ಯಾವ ಆಯೋಗ ಬರೆದೀತು? ಇದರಲ್ಲಿ ಹುರುಳಿದೆ. ಆಯೋಗದ ಮುಂದೆ ಹೇಳಿಕೊಂಡ ಹಲವು ತಾಯಂದಿರು, ವರದಿಯಲ್ಲಿ ತಮ್ಮ ಮಾತು ತಮ್ಮದಾಗಿ ಉಳಿದಿಲ್ಲ ಎಂದು ನೊಂದುಕೊಂಡರು. ಆದ್ದರಿಂದ ತಕರಾರು ಇರುವುದು ಗೋಥಿಕ್ ಪ್ರಕಾರದ ಮೇಲಲ್ಲ, ಅದರ ಸೋಮಾರಿ ಬಳಕೆಯ ಮೇಲೆ. ಎಲಿಜಬೆತ್ ಗ್ಯಾಸ್ಕೆಲ್ 1852ರಲ್ಲಿ ಬರೆದ 'ದಿ ಓಲ್ಡ್ ನರ್ಸಸ್ ಸ್ಟೋರಿ'ಯಲ್ಲಿ ಒಂಟಿ ಬಂಗಲೆ, ಹಿಮ, ಮನೆಯಿಂದ ಹೊರದಬ್ಬಿಸಿಕೊಂಡ ತಾಯಿ-ಮಗುವಿನ ಪ್ರೇತ ಎಲ್ಲವೂ ಇವೆ. ಆದರೆ ಕಥೆಯ ಪೆಟ್ಟು ಬೀಳುವುದು ಪ್ರೇತದಿಂದಲ್ಲ. ಅಕ್ಕನನ್ನೂ ಅವಳ ಮಗುವನ್ನೂ ಅಪ್ಪ ಹೊರಗಟ್ಟಿದಾಗ ಕಲ್ಲಿನಂತೆ ನಿಂತು ನೋಡಿದ ತಂಗಿ, ಮುಪ್ಪಿನಲ್ಲಿ ತನ್ನದೇ ಹರೆಯದ ಮುಖವನ್ನು ಎದುರು ಕಂಡು ಕುಸಿಯುತ್ತಾಳೆ. ಕ್ಲೇರ್ ಕೀಗನ್ 2021ರ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್'ನಲ್ಲಿ ದೆವ್ವವನ್ನೇ ಬಿಟ್ಟರು. ಕಾನ್ವೆಂಟಿನ ಕಲ್ಲಿದ್ದಲ ಕೊಟ್ಟಿಗೆಯಲ್ಲಿ ಬೀಗ ಹಾಕಿದ ಹುಡುಗಿಯೊಬ್ಬಳು ವ್ಯಾಪಾರಿಯೊಬ್ಬನ ಕಣ್ಣಿಗೆ ಬೀಳುತ್ತಾಳೆ. ಹೆಂಡತಿಯೂ ಹೋಟೆಲಿನ ಯಜಮಾನಿಯೂ ನಮಗೇಕೆ ಉಸಾಬರಿ ಎಂದು ಬುದ್ಧಿ ಹೇಳುತ್ತಾರೆ. ಅವನ ಹೆಣ್ಣುಮಕ್ಕಳು ಓದುವ ಶಾಲೆಗೂ ಆ ಕಾನ್ವೆಂಟಿಗೂ ಒಂದೇ ಗೋಡೆ. ಇನ್ನೂ ಸೊಗಸೆಂದರೆ ಈ ಕಥೆಯಲ್ಲೂ ಒಂದು ದೊಡ್ಡ ಮನೆಯಿದೆ, ಅವನ ಮದುವೆಯಾಗದ ತಾಯಿಗೆ ಆಸರೆ ಕೊಟ್ಟದ್ದು ಅದೇ. ಬಂಗಲೆಯ ಬಾಗಿಲು ತೆರೆಯಲೂಬಹುದಿತ್ತು ಎಂಬುದನ್ನು ಕೀಗನ್ ವಾದ ಮಾಡದೆ ಕಾಣಿಸಿದ್ದಾರೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಊರೆಲ್ಲ ತಪ್ಪಿತಸ್ಥ ಎಂದರೆ ಯಾರೂ ತಪ್ಪಿತಸ್ಥರಲ್ಲ ಎಂದಾಗುವುದಿಲ್ಲವೇ? ಆಯೋಗ ಮುಖ್ಯ ಹೊಣೆಯನ್ನು ಮಕ್ಕಳ ತಂದೆಯರ ಮೇಲೂ ತಾಯಂದಿರ ಮನೆಯವರ ಮೇಲೂ ಹೊರಿಸಿ, ಚರ್ಚು ಮತ್ತು ಸರ್ಕಾರವನ್ನು ಅದಕ್ಕೆ ಒತ್ತಾಸೆಯಾದವರ ಸಾಲಿಗೆ ಸೇರಿಸಿದಾಗ ಸಂತ್ರಸ್ತರು ಸಿಟ್ಟಾದದ್ದು ಇದಕ್ಕೇ. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಊರು ಎಂದರೆ ಮಂಜಿನಂಥ ಮಸುಕು ಗುಂಪಲ್ಲ. ಹಣ ಮಂಜೂರು ಮಾಡಿದ ಕೌನ್ಸಿಲಿಗಿದ್ದ ಅಧಿಕಾರ, ಸಾವಿನ ಲೆಕ್ಕ ನೋಡಿ ಪಕ್ಕಕ್ಕಿಟ್ಟ ಅಧಿಕಾರಿಗಿದ್ದ ಅಧಿಕಾರ, ಬಸುರು ಮಾಡಿ ಕೈತೊಳೆದುಕೊಂಡ ಗಂಡಸಿಗಿದ್ದ ಸಲುಗೆ, ಇವು ಬೇರೆ ಬೇರೆ ತೂಕದವು, ಬೇರೆಯಾಗಿಯೇ ತೂಗಬಹುದಾದವು. ಒಬ್ಬ ರಾಕ್ಷಸಿ ಮೇಲ್ವಿಚಾರಕಿಯನ್ನು ಮುಂದೆ ನಿಲ್ಲಿಸುವ ಕಾದಂಬರಿಯೇ ಈ ತೂಕವನ್ನು ತಪ್ಪಿಸುತ್ತದೆ. ಅವಳು ಸತ್ತರೆ ಕಥೆ ಮುಗಿಯಿತು, ಅವಳ ಸಂಬಳದ ಚೀಟಿಗೆ ಸಹಿ ಹಾಕಿದವರ ಪ್ರಶ್ನೆ ಏಳುವುದೇ ಇಲ್ಲ.

ಆ ಕಾಲವೇ ಹಾಗಿತ್ತು ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಡೀನಿ ಆ ಕಾಲದವರೇ. ಬೆಸ್‌ಬರೋದ ಮೇಲ್ವಿಚಾರಕಿಯನ್ನೂ ವೈದ್ಯಾಧಿಕಾರಿಯನ್ನೂ ತೆಗೆಸಿದವರು. 1945–46ರಲ್ಲಿ ದೇಶದ ಎಲ್ಲ 'ಅಕ್ರಮ' ಮಕ್ಕಳ ಸಾವಿನ ಸರಾಸರಿಗಿಂತ ಈ ಗೃಹಗಳ ಕೂಸುಗಳ ಸಾವಿನ ಪ್ರಮಾಣ ಸುಮಾರು ಇಮ್ಮಡಿ ಇತ್ತು, ಲೆಕ್ಕ ಸರ್ಕಾರದ ಬಳಿಯೇ ಇತ್ತು. ಅದು ಮುಗಿದ ಕಾಲವೂ ಅಲ್ಲ. ಬೆಸ್‌ಬರೋ ಮುಚ್ಚಿದ್ದು 1998ರಲ್ಲಿ. 2012ರಲ್ಲಿ ನಮ್ಮ ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ, ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಗರ್ಭಪಾತ ನಿರಾಕರಿಸಲ್ಪಟ್ಟು ತೀರಿಕೊಂಡದ್ದು ಟ್ಯೂಮ್ ಇರುವ ಅದೇ ಗಾಲ್ವೇ ಕೌಂಟಿಯಲ್ಲಿ. ಆಕೆ ವಿವಾಹಿತೆ, ಪ್ರಕರಣ ಬೇರೆ. ಆದರೆ ಹೆಣ್ಣಿನ ಬಸಿರಿನ ಬಗ್ಗೆ ಅವಳಿಗಿಂತ ಕಾನೂನಿಗೆ ಹೆಚ್ಚು ಹಕ್ಕಿದೆ ಎಂಬ ನಂಬಿಕೆ ಹಳೆಯದೇ. ಗರ್ಭಪಾತವನ್ನು ತಡೆದ ಆ ಕಾನೂನು ಹೋಗಲು 2018ರ ಜನಮತವೇ ಬೇಕಾಯಿತು.

ಹಲವು ಗೋಥಿಕ್ ಕಾದಂಬರಿಗಳು ಬೆಂಕಿಯಲ್ಲಿ ಮುಗಿಯುತ್ತವೆ: ಬಂಗಲೆ ಉರಿಯುತ್ತದೆ, ಶಾಪ ಕಳೆಯುತ್ತದೆ. ಐರ್ಲೆಂಡಿನಲ್ಲಿ ಅಂಥದ್ದೇನೂ ನಡೆಯಲಿಲ್ಲ. 1973ರಲ್ಲಿ ಸರ್ಕಾರ ಮದುವೆಯಾಗದ ತಾಯಂದಿರಿಗೆ ಭತ್ಯೆ ಕೊಡತೊಡಗಿತು, ಮಗುವನ್ನು ತಾವೇ ಸಾಕುವ ತಾಯಂದಿರು ಹೆಚ್ಚಿದರು, ಗೃಹಗಳು ಬರಿದಾಗುತ್ತ ಹೋದವು. 1987ರ ಕಾಯ್ದೆ ಹುಟ್ಟಿನ 'ಅಕ್ರಮ' ಎಂಬ ಹಣೆಪಟ್ಟಿಯನ್ನೇ ಕಿತ್ತುಹಾಕಿತು. ವಾರಕ್ಕಿಷ್ಟು ಹಣವೂ ಒಂದು ಕಾನೂನೂ ಮಾಡಬಹುದಾಗಿದ್ದ ಕೆಲಸ ಐವತ್ತು ವರ್ಷ ತಡವಾಯಿತು, ಆ ತಡಕ್ಕೆ ಮಕ್ಕಳು ಜೀವ ತೆತ್ತರು. ಬೆಂಕಿ ಹಚ್ಚಿ ಮುಗಿಸುವ ಕಾದಂಬರಿಗೆ ಈ ಮಾತು ಹೇಳಲು ಬರುವುದಿಲ್ಲ. ಹೇಳಬಲ್ಲ ಕಾದಂಬರಿಕಾರ ಹುಡುಗಿಯನ್ನು ಗೇಟಿನವರೆಗೆ ಕರೆತಂದ ಅಪ್ಪನ ಜೊತೆ ಊರಿಗೆ ಹಿಂತಿರುಗಿ ಹೋಗಬೇಕು. ಅಲ್ಲಿ ಯಾರ್ಯಾರಿಗೆ ಗೊತ್ತಿತ್ತು, ಗೊತ್ತಿದ್ದೂ ಯಾರು ಏನು ಮಾಡಬಹುದಿತ್ತು ಎಂದು ಬರೆಯಬೇಕು.